ಒಂದು ‘ಪ’ ಮಾಡಿಸುವ ಕೆಲಸಗಳು

ಪ್ರೌಢಶಾಲೆಯ ಕನ್ನಡ ವ್ಯಾಕರಣದಲ್ಲಿ ‘ಪ್ರೇರಣಾರ್ಥಕ ಧಾತು’ ಎಂಬ ಪುಟ್ಟ ಪಾಠವೊಂದು ಬರುತ್ತದೆ. ಮಾಡು–ಮಾಡಿಸು, ಬರೆ–ಬರೆಸು, ಉಣ್ಣು–ಉಣಿಸು ಎಂದು ನಾಲ್ಕಾರು ಉದಾಹರಣೆಗಳನ್ನು ಬಾಯಿಪಾಠ ಮಾಡಿಕೊಂಡರೆ ಪರೀಕ್ಷೆಯಲ್ಲಿ ಒಂದು ಅಂಕ ಗ್ಯಾರಂಟಿ. ಧಾತುವಿನ ಬಾಲಕ್ಕೆ ‘ಇಸು’ ಅಂಟಿಸಿದರಾಯಿತು, ಪಾಠ ಮುಗಿಯಿತು. ಆದರೆ ಮನೆಯೊಳಗೆ ಈ ‘ಇಸು’ ಇಲ್ಲದೆ ಒಂದು ದಿನವೂ ಕಳೆಯುವುದಿಲ್ಲ. ರಾಗಿ ಹಿಟ್ಟು ಮಾಡಿಸಬೇಕು, ಕಿತ್ತುಹೋದ ಚಪ್ಪಲಿ ಹೊಲಿಸಬೇಕು, ಮಗುವಿಗೆ ಚುಚ್ಚುಮದ್ದು ಹಾಕಿಸಬೇಕು, ಅಜ್ಜನ ಕಣ್ಣು ತೋರಿಸಬೇಕು, ದೊಡ್ಡವಳನ್ನು ಓದಿಸಬೇಕು. ಸಂಸಾರದ ಅರ್ಧ ಭಾರ ಈ ಎರಡಕ್ಷರದ ಮೇಲೆಯೇ ನಿಂತಿದೆ ಎಂದರೆ ತಪ್ಪಾಗದು.

ಇದೇ ಭಾರವನ್ನು ಹೊರುವ ಇನ್ನೊಂದು ಪ್ರತ್ಯಯ ಪೂರ್ವ ಸಮುದ್ರದಾಚೆ, ಫಿಲಿಪ್ಪೀನ್ಸ್ ದೇಶದಲ್ಲಿದೆ. ಅಲ್ಲಿನ ರಾಷ್ಟ್ರಭಾಷೆ ಫಿಲಿಪಿನೊದಲ್ಲಿ ಅದು ಒಂದೇ ಅಕ್ಷರ: ‘ಪ’. ಕನ್ನಡದ ‘ಇಸು’ ಧಾತುವಿನ ಹಿಂದೆ ಬಂದರೆ ಈ ‘ಪ’ ಧಾತುವಿನ ಮುಂದೆ ಬಂದು ಕೂರುತ್ತದೆ. ‘ಕಾಇನ್’ ಎಂದರೆ ತಿನ್ನುವುದು, ‘ಪಕಾಇನ್’ ಎಂದರೆ ತಿನ್ನಿಸುವುದು. ‘ಇನೊಮ್’ ಕುಡಿಯುವುದು, ‘ಪಇನೊಮ್’ ಕುಡಿಸುವುದು. ‘ತೂಲೊಗ್’ ನಿದ್ದೆ, ‘ಪತೂಲೊಗ್’ ನಿದ್ದೆ ಮಾಡಿಸುವುದು. ಕೇಳಲು ಬಹಳ ಸುಲಭ. ಸ್ವಾರಸ್ಯ ಶುರುವಾಗುವುದು ಆಮೇಲೆ.

ಅದಕ್ಕೆ ಮೊದಲು ಭಾಷೆಯ ವಿಚಾರ ಸ್ವಲ್ಪ. ಕನ್ನಡಿಗರಿಗೆ ಮನಿಲಾ ಎಂದೊಡನೆ ನೆನಪಾಗುವುದು 1991ರಲ್ಲಿ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ, 2011ರಲ್ಲಿ ಹರೀಶ್ ಹಂದೆಯವರಿಗೆ ಸಂದ ಮ್ಯಾಗ್ಸೆಸೆ ಪ್ರಶಸ್ತಿ. ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳ ಆ ದೇಶದಲ್ಲಿ ನೂರಕ್ಕೂ ಮೀರಿದ ಭಾಷೆಗಳಿವೆ. ಅವುಗಳಲ್ಲಿ ಮನಿಲಾ ಸುತ್ತಿನ ತಗಾಲೊಗ್ ಭಾಷೆಯನ್ನು ಆಧಾರವಾಗಿ ಇಟ್ಟುಕೊಂಡು ರಾಷ್ಟ್ರಭಾಷೆ ಕಟ್ಟಬೇಕೆಂದು ಅಧ್ಯಕ್ಷ ಮಾನ್ವೆಲ್ ಕೆಸೊನ್ 1937ರಲ್ಲಿ ಘೋಷಿಸಿದರು. 1987ರ ಸಂವಿಧಾನ ಅದಕ್ಕೆ ಫಿಲಿಪಿನೊ ಎಂಬ ಹೆಸರನ್ನೇ ಖಾಯಂ ಮಾಡಿತು. ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಸ್ಪೇನಿನ ಆಳ್ವಿಕೆ, ನಂತರ ಅರ್ಧ ಶತಮಾನದಷ್ಟು ಅಮೆರಿಕದ ಹಿಡಿತ. ಹೀಗಾಗಿ ಭಾಷೆಯ ತುಂಬ ಸ್ಪ್ಯಾನಿಷ್, ಇಂಗ್ಲಿಷ್ ಪದಗಳು. ಅವಕ್ಕೂ ಹಿಂದೆ ಮಲಯ ದ್ವೀಪಗಳ ದಾರಿಯಿಂದ ಬಂದ ಸಂಸ್ಕೃತ ಪದಗಳೂ ಉಳಿದಿವೆ: ಮೇಷ್ಟ್ರು ‘ಗೂರೊ’, ಮುಖ ‘ಮುಖಾ’, ಆಸೆ ‘ಆಸ’.

ಇನ್ನೊಂದು ನಂಟು ಲಿಪಿಯದು. ಸ್ಪೇನಿನವರು ರೋಮನ್ ಅಕ್ಷರ ತರುವ ಮೊದಲು ತಗಾಲೊಗ್ ಜನ ಬರೆಯುತ್ತಿದ್ದುದು ‘ಬಾಯ್‌ಬಾಯಿನ್’ ಎಂಬ ಲಿಪಿಯಲ್ಲಿ. 1593ರಲ್ಲಿ ಮನಿಲಾದಲ್ಲಿ ಅಚ್ಚಾದ ‘ದೊಕ್ತ್ರಿನ ಕ್ರಿಸ್ತಿಯಾನ’ ಎಂಬ ಪುಸ್ತಕದಲ್ಲಿ ಅದನ್ನು ಇಂದಿಗೂ ನೋಡಬಹುದು. ಅದೂ ಬ್ರಾಹ್ಮಿಯ ಕುಲಕ್ಕೇ ಸೇರಿದ್ದು. ವ್ಯಂಜನದೊಳಗೇ ‘ಅ’ಕಾರ ಅಡಗಿರುತ್ತದೆ, ‘ಇ’ ‘ಉ’ ಬೇಕಾದರೆ ಗುಣಿತದ ಚುಕ್ಕಿ. ಆದ್ದರಿಂದ ಇಂಗ್ಲಿಷಿನಲ್ಲಿ ಎರಡಕ್ಷರ ಬೇಡುವ ಈ ‘ಪ’ ಹಳೆಯ ತಗಾಲೊಗ್ ಬರಹದಲ್ಲಿ ಕನ್ನಡದಂತೆಯೇ ಒಂಟಿ ಅಕ್ಷರ!

ಅಮ್ಮ, ರೋಸ ಮತ್ತು ಪನ್ಸಿತ್

ಈಗ ವ್ಯಾಕರಣಕ್ಕೆ ಬರೋಣ. ‘ಪನ್ಸಿತ್’ ಎಂಬುದು ಅಲ್ಲಿನ ಶ್ಯಾವಿಗೆಯಂಥ ತಿಂಡಿ. ಚೀನೀಯರಿಂದ ಬಂದದ್ದು. ಹುಟ್ಟಿದ ಹಬ್ಬದ ದಿನ ಅದನ್ನು ತಿಂದರೆ ಎಳೆಯಂತೆ ಆಯುಸ್ಸೂ ಉದ್ದವಾಗುತ್ತದೆಂಬ ನಂಬಿಕೆ. ಮನೆಯಲ್ಲಿ ಅಮ್ಮ, ಮಗಳು ರೋಸ ಇದ್ದಾರೆನ್ನಿ. ಅಮ್ಮ ರೋಸಳ ಕೈಲಿ ಪನ್ಸಿತ್ ಮಾಡಿಸಿದಳು. ಕನ್ನಡದಲ್ಲಿ ಹೇಳಲು ಇದೊಂದು ವಾಕ್ಯ ಸಾಕು. ಫಿಲಿಪಿನೊದಲ್ಲಿ ಇದಕ್ಕೆ ಮೂರು ವಾಕ್ಯಗಳಿವೆ, ಮೂರಕ್ಕೂ ಬೇರೆ ಬೇರೆ ಕ್ರಿಯಾಪದ.

‘ನಗ್‌ಪಲೂತೊ ಆಂಗ್ ನಾನಾಯ್ ಕಾಯ್ ರೋಸ ನಂಗ್ ಪನ್ಸಿತ್’ ಎಂಬುದು ಒಂದು. ‘ಲೂತೊ’ ಎಂದರೆ ಅಡುಗೆ ಮಾಡುವುದು, ‘ನಾನಾಯ್’ ಅಮ್ಮ. ಕ್ರಿಯಾಪದ ಮೊದಲು ಬರುವುದು ಆ ಭಾಷೆಯ ಪದ್ಧತಿ. ಇಲ್ಲಿ ಅಮ್ಮನ ಹಿಂದೆ ‘ಆಂಗ್’ ಎಂಬ ಪುಟ್ಟ ಪದ ಇದೆ ನೋಡಿ, ಅದೇ ಕೀಲಿಕೈ. ಮಾತು ಯಾರ ಕುರಿತಾಗಿದೆಯೋ ಅವರ ಮುಂದೆ ‘ಆಂಗ್’ ಬರುತ್ತದೆ, ವ್ಯಕ್ತಿಯ ಹೆಸರಾದರೆ ‘ಸಿ’. ಈ ವಾಕ್ಯದಲ್ಲಿ ಮಾತು ಅಮ್ಮನದು, ಎಂದರೆ ಮಾಡಿಸಿದವಳದು. ಅದಕ್ಕೇ ಕ್ರಿಯಾಪದ ‘ನಗ್‌ಪ’ ಎಂದು ಶುರುವಾಯಿತು.

ಮಾತನ್ನು ರೋಸಳ ಕಡೆ ತಿರುಗಿಸಿ: ‘ಪಿನಲೂತೊ ನಂಗ್ ನಾನಾಯ್ ಸಿ ರೋಸ ನಂಗ್ ಪನ್ಸಿತ್’. ‘ಸಿ’ ಈಗ ರೋಸಳ ಪಾಲಾಯಿತು, ಕ್ರಿಯಾಪದ ‘ಪಿನಲೂತೊ’ ಆಯಿತು. ಕೆಲಸ ಮಾಡಿದ ಕೈ ಎದುರಿಗೆ ಬಂತು. ಇನ್ನು ತಿಂಡಿಯೇ ಮುಖ್ಯವಾದರೆ ‘ಇಪಿನಲೂತೊ ನಂಗ್ ನಾನಾಯ್ ಕಾಯ್ ರೋಸ ಆಂಗ್ ಪನ್ಸಿತ್’. ‘ಆಂಗ್’ ಪನ್ಸಿತ್ತಿಗೆ ಹೋಯಿತು, ಕ್ರಿಯಾಪದದ ತಲೆಗೆ ‘ಇ’ ಏರಿತು.

‘ಪಿನ’ ಎಂಬುದರಲ್ಲಿ ‘ಪ’ ಎಲ್ಲಿ ಹೋಯಿತು ಎಂದು ಕೇಳಬಹುದು. ಅದು ಎಲ್ಲಿಗೂ ಹೋಗಿಲ್ಲ, ಒಡೆದಿದೆ. ‘ಪಲೂತೊ’ ಪದದ ಮೊದಲ ವ್ಯಂಜನಕ್ಕೂ ಅದರ ಸ್ವರಕ್ಕೂ ನಡುವೆ ‘ಇನ್’ ಎಂಬ ಪ್ರತ್ಯಯ ನುಗ್ಗಿ ಕೂತಿದೆ. ಕೆಲಸ ಶುರುವಾಗಿದೆ ಅಥವಾ ಮುಗಿದಿದೆ ಎಂಬುದರ ಗುರುತು ಅದು. ಕನ್ನಡದಲ್ಲಿ ಪ್ರತ್ಯಯಗಳು ರೈಲಿನ ಬೋಗಿಗಳಂತೆ ಒಂದರ ಹಿಂದೊಂದು ಸೇರುತ್ತವೆಯೇ ಹೊರತು ಪದದ ಹೊಟ್ಟೆ ಸೀಳಿ ಒಳಹೊಗುವುದಿಲ್ಲ. ಆದ್ದರಿಂದ ಫಿಲಿಪಿನೊ ಕಲಿಯುವ ಕನ್ನಡಿಗರಿಗೆ ಮೊದಲು ಎಡವುವ ಕಲ್ಲು ಇದೇ. ಉಳಿದದ್ದು ಅಷ್ಟು ಕಷ್ಟವಲ್ಲ.

ಈ ಮೂರು ರೂಪಗಳು ಬರೀ ಅಲಂಕಾರವಲ್ಲ, ಬೇಕಾದದ್ದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಎಲ್ಲ ಕಡೆ ಇಲ್ಲ. ಪ್ರಶ್ನೆ ಕೇಳುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ‘ಸೀನೊ ಆಂಗ್ ನಗ್‌ಪಲೂತೊ?’ ಎಂದರೆ ಮಾಡಿಸಿದವರು ಯಾರು? ಉತ್ತರ: ಅಮ್ಮ. ‘ಸೀನೊ ಆಂಗ್ ಪಿನಲೂತೊ?’ ಎಂದರೆ ಯಾರ ಕೈಲಿ ಮಾಡಿಸಿದರು? ಉತ್ತರ: ರೋಸ. ‘ಆನೊ ಆಂಗ್ ಇಪಿನಲೂತೊ?’ ಎಂದರೆ ಏನು ಮಾಡಿಸಿದರು? ಪನ್ಸಿತ್. ಕನ್ನಡದಲ್ಲಿ ಮೂರೂ ಪ್ರಶ್ನೆಗಳಿಗೆ ‘ಮಾಡಿಸು’ ಎಂಬ ಒಂದೇ ಕ್ರಿಯಾಪದ ಸಾಕು, ‘ಯಾರು’, ‘ಯಾರ ಕೈಲಿ’ ಎಂದು ವಿಭಕ್ತಿ ಬದಲಾಯಿಸಿದರೆ ಕೆಲಸವಾಯಿತು. ಕನ್ನಡದ ವಿಭಕ್ತಿಗಳು ಮಾಡುವ ಕೆಲಸದ ದೊಡ್ಡ ಪಾಲನ್ನು ಫಿಲಿಪಿನೊದಲ್ಲಿ ಕ್ರಿಯಾಪದವೇ ಹೊತ್ತುಕೊಂಡಿದೆ ಎನ್ನಬಹುದು.

ಹಾಗೆಂದು ಕನ್ನಡ ಇಲ್ಲಿ ಬಡವೇನಲ್ಲ. ‘ಅಮ್ಮ ರೋಸಳ ಕೈಲಿ ಅಡುಗೆ ಮಾಡಿಸಿದಳು’, ‘ಅಮ್ಮ ರೋಸಳಿಗೆ ಹಾಲು ಕುಡಿಸಿದಳು’. ಒಂದರಲ್ಲಿ ‘ಕೈಲಿ’, ಇನ್ನೊಂದರಲ್ಲಿ ‘ಗೆ’. ಕೆಲಸ ತೆಗೆಸಿಕೊಂಡಾಗ ಕೈ, ಕೆಲಸದ ಫಲ ಅವಳ ಹೊಟ್ಟೆಗೇ ಹೋದಾಗ ‘ಗೆ’. ಯಾವ ಮೇಷ್ಟ್ರೂ ಹೇಳಿಕೊಡದೆ ನಾಲ್ಕು ವರ್ಷದ ಮಗು ಇದನ್ನು ಸರಿಯಾಗಿ ಬಳಸುತ್ತದೆ.

ಫಿಲಿಪಿನೊ ಕ್ರಿಯಾಪದಗಳ ಈ ಜಾಲವನ್ನು ಬಿಡಿಸಲು ದೊಡ್ಡ ದೊಡ್ಡ ಪಂಡಿತರು ಬೆವರು ಸುರಿಸಿದ್ದಾರೆ. ಅಮೆರಿಕದ ಭಾಷಾವಿಜ್ಞಾನಿ ಲಿಯೊನಾರ್ಡ್ ಬ್ಲೂಮ್‌ಫೀಲ್ಡ್ 1917ರಲ್ಲಿ ಪ್ರಕಟಿಸಿದ ತಗಾಲೊಗ್ ಅಧ್ಯಯನ ಇಂದಿಗೂ ಹೆಸರುವಾಸಿ. ಅವರಿಗೆ ಆ ಭಾಷೆಯನ್ನು ಹೇಳಿಕೊಟ್ಟದ್ದು ಪಂಡಿತರಲ್ಲ, ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಆಲ್ಫ್ರೆದೊ ವಿಯೋಲ ಸಂತಿಯಾಗೊ ಎಂಬ ವಿದ್ಯಾರ್ಥಿ. ಅವನು ತನ್ನ ಊರಿನ ಕಥೆಗಳನ್ನು ಹೇಳುತ್ತಿದ್ದ, ಇವರು ಬರೆದುಕೊಳ್ಳುತ್ತಿದ್ದರು. ವಿದ್ಯಾರ್ಥಿಯ ಬಾಯಲ್ಲಿ ಹೇಳಿಸಿ ಪ್ರೊಫೆಸರು ಕಲಿತದ್ದು! ಸ್ವದೇಶಿ ವ್ಯಾಕರಣ ಬರೆದು ‘ವ್ಯಾಕರಣದ ಪಿತಾಮಹ’ ಎನಿಸಿದವರು ಲೊಪೆ ಕೆ. ಸಾಂತೊಸ್. ಈಗಿನ ಅಧ್ಯಾಪಕರು ಹೆಚ್ಚಾಗಿ ನೆಚ್ಚುವುದು ಪಾಲ್ ಶಾಕ್ಟರ್ ಮತ್ತು ಫೆ ಒತಾನೆಸ್ 1972ರಲ್ಲಿ ಹೊರತಂದ ಹೊತ್ತಗೆಯನ್ನು. ಅದು ಐನೂರು ಪುಟ ಮೀರಿದ್ದು, ಹರೆಯದವರಿಗೆ ಹೇಳಿ ಮಾಡಿಸಿದ್ದಲ್ಲ.

ಬಲವಂತವೋ, ಅನುಮತಿಯೋ?

‘ಪ’ಕ್ಕೆ ಒಂದು ಗುಟ್ಟಿದೆ. ಅದು ಮಾಡಿಸಿದ್ದನ್ನು ಹೇಳುತ್ತದೆ, ಹೇಗೆ ಮಾಡಿಸಿದರು ಎಂಬುದನ್ನು ಹೇಳುವುದಿಲ್ಲ. ‘ಅಲೀಸ್’ ಎಂದರೆ ಹೊರಡುವುದು. ‘ಪಿನಅಲೀಸ್ ಅಕೊ ನಂಗ್ ಗೂರೊ’ ಎಂದು ಒಬ್ಬ ಹುಡುಗ ಮನೆಗೆ ಬಂದು ಹೇಳಿದರೆ ತಾಯಿ ಏನೆಂದು ತಿಳಿಯಬೇಕು? ಮೇಷ್ಟ್ರು ಕ್ಲಾಸಿನಿಂದ ಆಚೆ ಕಳಿಸಿದರು ಎಂದೂ ಆಗಬಹುದು, ಕೇಳಿಕೊಂಡದ್ದಕ್ಕೆ ಹೋಗಲು ಬಿಟ್ಟರು ಎಂದೂ ಆಗಬಹುದು. ಶಿಕ್ಷೆಯೋ ಕೃಪೆಯೋ ಎಂಬುದನ್ನು ಹುಡುಗನ ಮುಖ ನೋಡಿ ತಿಳಿಯಬೇಕು. ಕನ್ನಡದಲ್ಲಿ ಈ ಇಕ್ಕಟ್ಟು ಅಷ್ಟಿಲ್ಲ. ‘ಕಳಿಸಿದರು’ ಬೇರೆ, ‘ಹೋಗಲು ಬಿಟ್ಟರು’ ಬೇರೆ. ‘ಬಿಡು’ ಎಂಬ ಪುಟ್ಟ ಕ್ರಿಯಾಪದ ನಮ್ಮನ್ನು ಬಚಾವು ಮಾಡುತ್ತದೆ.

ಬಿಡಿಸಿ ಹೇಳಲೇಬೇಕಾದಾಗ ಫಿಲಿಪಿನೊ ಜನ ‘ಪ’ವನ್ನು ಕೈಬಿಟ್ಟು ಬೇರೆ ಪದ ಹಿಡಿಯುತ್ತಾರೆ. ಬಲವಂತವಾದರೆ ‘ಪಿನಿಲಿತ್’, ಸುಮ್ಮನೆ ಬಿಟ್ಟುಕೊಟ್ಟರೆ ‘ಹಿನಾಯಾಅನ್’. ಆದರೆ ದಿನನಿತ್ಯದ ಮಾತಿನಲ್ಲಿ ಅಷ್ಟು ದೂರ ಹೋಗುವವರು ಕಡಿಮೆ. ‘ಪ’ ಎಂದರೆ ಕೇಳಿಕೊಂಡದ್ದು, ಹೇಳಿ ಮಾಡಿಸಿದ್ದು, ದಬಾಯಿಸಿದ್ದು, ಬಿಟ್ಟುಕೊಟ್ಟದ್ದು ಎಲ್ಲವೂ. ಒಂದೇ ಮನೆಯಲ್ಲಿ ಕೋರಿಕೆಗೂ ಅಪ್ಪಣೆಗೂ ನಡುವೆ ಗೋಡೆ ಎಷ್ಟು ತೆಳುವಾಗಿರುತ್ತದೆ ಎಂಬುದು ತಂದೆ ತಾಯಂದಿರಿಗೆ ಹೇಳಬೇಕಾದ್ದೇನಿಲ್ಲ.

ಬೀದಿಗಿಳಿದರೆ ‘ಪ’ ಬೇಡಿಕೆಯಾಗುತ್ತದೆ. ಅಲ್ಲಿನ ಪ್ರತಿ ಓಣಿಯಲ್ಲೂ ‘ಸಾರಿ-ಸಾರಿ’ ಎಂಬ ಪುಟ್ಟ ಚಿಲ್ಲರೆ ಅಂಗಡಿ ಇರುತ್ತದೆ. ಎದುರಿಗೆ ಜಾಲರಿ, ಹಿಂದೆ ಒಂದೊಂದೇ ಪುಡಿ ಪೊಟ್ಟಣ ನೇತುಹಾಕಿದ ಸಾಲು. ಉಪ್ಪು ತರಲು ಬಂದ ಮಗು ಜಾಲರಿಯ ಮುಂದೆ ನಿಂತು ಕೂಗುವುದು ‘ಪಬಿಲಿ ಪೊ!’ ಎಂದು. ‘ಬಿಲಿ’ ಎಂದರೆ ಕೊಳ್ಳುವುದು, ‘ಪಬಿಲಿ’ ಎಂದರೆ ಕೊಳ್ಳಗೊಡಿ. ‘ಪೊ’ ಎಂಬುದು ಕನ್ನಡದ ‘ರೀ’ ಇದ್ದಂತೆ, ದೊಡ್ಡವರಿಗೆ ತೋರುವ ಮರ್ಯಾದೆ. ಜೀಪ್ನಿ ಎಂಬ ಬಣ್ಣಬಣ್ಣದ ಬಾಡಿಗೆ ವಾಹನದಲ್ಲಿ ಕಂಡಕ್ಟರ್ ಇಲ್ಲದಿದ್ದರೆ ಹಿಂದೆ ಕೂತವರು ‘ಪಆಬೊತ್ ಪೊ’ ಎನ್ನುತ್ತ ಚಿಲ್ಲರೆ ಮುಂದೆ ಚಾಚುತ್ತಾರೆ. ‘ದಾಟಿಸಿ’ ಎಂದರ್ಥ. ದುಡ್ಡು ಕೈಯಿಂದ ಕೈಗೆ ದಾಟಿ ಡ್ರೈವರನ್ನು ಸೇರುತ್ತದೆ, ಉಳಿದ ಚಿಲ್ಲರೆ ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತದೆ.

ಶಾಲೆಯಲ್ಲಿ ಪೆನ್ಸಿಲ್ ಮರೆತ ಮಗು ಕೇಳುವುದು ‘ಪಹಿರಾಮ್’. ‘ಹಿರಾಮ್’ ಎಂದರೆ ಕಡ ತೆಗೆದುಕೊಳ್ಳುವುದು, ಅದಕ್ಕೆ ‘ಪ’ ಸೇರಿದರೆ ಕಡ ಕೊಡುವುದು. ಕೊಡುವುದೆಂದರೆ ಅವರ ಲೆಕ್ಕದಲ್ಲಿ ತೆಗೆದುಕೊಳ್ಳುವಂತೆ ಮಾಡುವುದು. ಕನ್ನಡದ ಹುಡುಗ ಪೆನ್ಸಿಲ್ ‘ಇಸ್ಕೊಂಡ’ ಎನ್ನುತ್ತಾನಲ್ಲ, ಆ ‘ಇಸ್ಕೊ’ ಎಲ್ಲಿಂದ ಬಂತು? ಹಳಗನ್ನಡದ ‘ಈ’ ಧಾತುವಿಗೆ ಕೊಡು ಎಂದರ್ಥ. ಅದಕ್ಕೆ ‘ಇಸು’ ಸೇರಿ ‘ಈಸು’, ಅದಕ್ಕೆ ‘ಕೊಳ್’ ಸೇರಿ ‘ಈಸಿಕೊಳ್’. ಎಂದರೆ ತನಗೆ ಕೊಡುವಂತೆ ಮಾಡಿಕೊಳ್ಳುವುದು. ಅವರಲ್ಲಿ ಕೊಡುವವನು ಪ್ರೇರಕ, ನಮ್ಮಲ್ಲಿ ತೆಗೆದುಕೊಳ್ಳುವವನು ಪ್ರೇರಕ. ಒಂದೇ ಪೆನ್ಸಿಲ್ಲಿನ ಎರಡು ತುದಿ ಹಿಡಿದಂತೆ ಇದೆ.

ಆಸ್ಪತ್ರೆಯ ಬಾಗಿಲಲ್ಲಿ

ಇದೆಲ್ಲ ಓದಿ ನಮಗೇನು ಎನ್ನುವ ಪೋಷಕರೂ ಇರಬಹುದು. ಕಳೆದ ಹದಿನೈದಿಪ್ಪತ್ತು ವರ್ಷಗಳಲ್ಲಿ ಭಾರತದಿಂದ ಸಾವಿರಾರು ವಿದ್ಯಾರ್ಥಿಗಳು ವೈದ್ಯಕೀಯ ಓದಲು ಫಿಲಿಪ್ಪೀನ್ಸಿಗೆ ಹೋಗಿದ್ದಾರೆ. ಪಾಠ ಇಂಗ್ಲಿಷಿನಲ್ಲೇ ನಡೆಯುತ್ತದೆ, ನಿಜ. ಆದರೆ ಹಾಸಿಗೆಯ ಮೇಲೆ ಮಲಗಿದ ರೋಗಿ ನರಳುವುದು ಇಂಗ್ಲಿಷಿನಲ್ಲಲ್ಲ. ವಾರ್ಡಿನಲ್ಲಿ ‘ಪ’ ಗೊತ್ತಿಲ್ಲದಿದ್ದರೆ ಪೇಚಾಟ ಖಂಡಿತ.

‘ತಿಙಿನ್’ ಎಂದರೆ ನೋಟ. ‘ನಗ್‌ಪತಿಙಿನ್ ನ ಪೊ ಬಾ ಕಯೊ ಸ ದೊಕ್ತೊರ್?’ ಎಂದರೆ ‘ನೀವು ಡಾಕ್ಟರಿಗೆ ತೋರಿಸಿಕೊಂಡಿದ್ದೀರಾ?’ ಎಂದು. ಒಬ್ಬರೇ ಇದ್ದರೂ ‘ಕಯೊ’ ಎಂಬ ಬಹುವಚನ, ಕನ್ನಡದ ‘ನೀವು’ ಇದ್ದ ಹಾಗೆ. ‘ಬೂನೊತ್’ ಎಂದರೆ ಕೀಳುವುದು. ‘ಪ’ ಇಲ್ಲದೆ ಹೇಳಿದರೆ ಹಲ್ಲು ಕಿತ್ತವನು ದಂತವೈದ್ಯ, ‘ನಗ್‌ಪಬೂನೊತ್’ ಎಂದರೆ ಕೀಳಿಸಿಕೊಂಡವನು ರೋಗಿ. ಒಂದಕ್ಷರ ಬಿಟ್ಟರೆ ರೋಗಿ ಡಾಕ್ಟರಾಗುತ್ತಾನೆ! ತಲೆಕೂದಲಿಗೂ ಇದೇ ಮಾತು. ಇಂಗ್ಲಿಷಿನವರು ಕ್ಷೌರಿಕನ ಅಂಗಡಿಗೆ ಹೋಗಿ ಬಂದೂ ‘ಕೂದಲು ಕತ್ತರಿಸಿದೆ’ ಎಂದು ತೇಲಿಸಿ ಹೇಳಿಬಿಡುತ್ತಾರೆ. ಫಿಲಿಪಿನೊದವರು ‘ನಗ್‌ಪಗುಪಿತ್’ ಎಂದು, ಕನ್ನಡದವರು ‘ಕಟಿಂಗ್ ಮಾಡಿಸಿಕೊಂಡೆ’ ಎಂದು ಕತ್ತರಿ ಹಿಡಿದವನಿಗೆ ಸಲ್ಲಬೇಕಾದ್ದನ್ನು ಸಲ್ಲಿಸುತ್ತಾರೆ. ಕನ್ನಡಕ್ಕೆ ‘ಇಸು’ವಿನ ಜೊತೆ ‘ಕೊಳ್ಳು’ ಕೂಡ ಬೇಕು, ಅವರಿಗೆ ‘ಮಗ್‌ಪ’ ಒಂದೇ ಸಾಕು ಎಂಬುದಷ್ಟೇ ವ್ಯತ್ಯಾಸ.

ಹೊರಗಿನ ಪದ ಬಂದರೂ ‘ಪ’ ಹಿಂದೆಗೆಯುವುದಿಲ್ಲ. ‘ಮಗ್‌ಪ-ಎಕ್ಸ್‌ರೇ’, ‘ಮಗ್‌ಪ-ಚೆಕಪ್’, ‘ಮಗ್‌ಪ-ಜೆರಾಕ್ಸ್’ ಎಲ್ಲವೂ ಸಲೀಸು. ಕನ್ನಡದಲ್ಲಿ ಇಂಥ ಕಡೆ ‘ಎಕ್ಸ್‌ರೇ ತೆಗೆಸು’, ‘ಜೆರಾಕ್ಸ್ ಮಾಡಿಸು’ ಎಂದು ಊರುಗೋಲು ಬೇಕಾಗುತ್ತದೆ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಭಾರತೀಯ ವಿದ್ಯಾರ್ಥಿಗಳು ಹೆಚ್ಚಾಗಿರುವ ದಾವಾವೊ ನಗರದಲ್ಲಿ ಮನೆಮಾತು ತಗಾಲೊಗ್ ಅಲ್ಲ, ಸೆಬುವಾನೊ. ಫಿಲಿಪಿನೊ ಅರ್ಥವಾಗುತ್ತದೆ, ಆದರೆ ರೋಗಿಯ ಬಾಯಿಂದ ಬರುವುದು ಸೆಬುವಾನೊ. ಸಮಾಧಾನದ ಸಂಗತಿಯೆಂದರೆ ‘ಪ’ ಅಲ್ಲಿಯೂ ಉಂಟು. ತಗಾಲೊಗ್‌ನಲ್ಲಿ ಉಣಿಸುವುದು ‘ಪಕಾಇನಿನ್’ ಆದರೆ ಸೆಬುವಾನೊದಲ್ಲಿ ‘ಪಕಾನ್-ಒನ್’. ಅಷ್ಟೇಕೆ, ಮಡಗಾಸ್ಕರಿನಿಂದ ಪೆಸಿಫಿಕ್ ದ್ವೀಪಗಳವರೆಗೆ ಹಬ್ಬಿರುವ ಈ ಭಾಷಾಕುಟುಂಬದ ಉದ್ದಕ್ಕೂ ‘ಪ’ದ ಸಂತಾನ ಕಾಣುತ್ತದೆ. ನ್ಯೂಜಿಲೆಂಡಿನ ಮಾವೊರಿ ಭಾಷೆಯಲ್ಲಿ ಕಲಿಸುವುದಕ್ಕೆ ‘ಫಕಆಕೊ’ ಎನ್ನುತ್ತಾರೆ, ಅದರ ‘ಫಕ’ ಈ ‘ಪ’ದ ದಾಯಾದಿಯೇ.

ಮನೆಮಾತಿನ ಎಷ್ಟೋ ಹೆಸರುಗಳ ಒಳಗೂ ‘ಪ’ ಅಡಗಿದೆ. ‘ದಲ’ ಎಂದರೆ ಹೊರುವುದು, ‘ಪದಲ’ ಎಂದರೆ ಹೊರಿಸಿ ಕಳಿಸಿದ್ದು, ವಿದೇಶದಿಂದ ಮನೆಗೆ ಬರುವ ಹಣ ಅಥವಾ ಸಾಮಾನು. ‘ಸಲೂಬೊಂಗ್’ ಎಂದರೆ ಎದುರುಗೊಳ್ಳುವುದು, ‘ಪಸಲೂಬೊಂಗ್’ ಎಂದರೆ ಊರಿಂದ ಬರುವವರು ಮಕ್ಕಳಿಗೆ ತರುವ ತಿಂಡಿ ಉಡುಗೊರೆ. ‘ಆಲಮ್’ ಎಂದರೆ ತಿಳಿದಿರುವ ಸಂಗತಿ, ‘ಪಆಲಮ್’ ಎಂದರೆ ವಿದಾಯ. ಹೋಗುವುದನ್ನು ಮನೆಯವರಿಗೆ ತಿಳಿಸುವುದೇ ವಿದಾಯ. ‘ಹೇಳದೆ ಕೇಳದೆ ಹೋದ’ ಎಂದು ಬೇಸರ ಪಡುವ ಕನ್ನಡದ ಅಜ್ಜಿಗೆ ಈ ಪದ ಥಟ್ಟನೆ ಅರ್ಥವಾದೀತು. ಪವಿತ್ರ ವಾರದಲ್ಲಿ ‘ಪಬಾಸ’ ಎಂಬ ಆಚರಣೆ ಇದೆ. ‘ಬಾಸ’ ಎಂದರೆ ಓದು. ಹರಕೆ ಹೊತ್ತ ಮನೆಯವರು ಏಸುವಿನ ಯಾತನೆಯ ಕಥೆಯನ್ನು ಊರವರ ಕೈಲಿ ರಾಗವಾಗಿ ಓದಿಸಿ, ಓದಿದವರಿಗೆಲ್ಲ ಊಟ ಹಾಕುತ್ತಾರೆ. ಮಳೆ ಬಾರದಿದ್ದಾಗ ವಿರಾಟಪರ್ವ ಓದಿಸುತ್ತಿದ್ದ ಕನ್ನಡದ ಹಳ್ಳಿಗಳಿಗೆ ಇದು ಹೊಸದಲ್ಲ. ಇನ್ನು ಈಗಿನ ಹುಡುಗ ಹುಡುಗಿಯರ ಬಾಯಲ್ಲಿ ಆಡುವ ಪದ ‘ಪಆಸ’. ಸಂಸ್ಕೃತದ ಆಸೆಗೇ ‘ಪ’ ಸೇರಿಸಿದ್ದು. ಆಸೆ ಹುಟ್ಟಿಸಿ ಕೈಕೊಡುವವರಿಗೆ ಆ ಹೆಸರು!

ಓದಿಸಿದವರು ಯಾರು?

ಇಷ್ಟೆಲ್ಲ ಪದಗಳ ನಡುವೆ ಆ ದೇಶದ ಮನೆಗಳಲ್ಲಿ ಹೆಚ್ಚು ಭಾರ ಹೊತ್ತದ್ದು ‘ಆರಲ್’ ಎಂಬ ಧಾತುವಿನ ‘ಪ’. ‘ಆರಲ್’ ಎಂದರೆ ಪಾಠ, ‘ಮಗ್-ಆರಲ್’ ಎಂದರೆ ಓದುವುದು. ‘ಮಗ್‌ಪ-ಆರಲ್’ ಎಂದರೆ ಓದಿಸುವುದು. ಶಾಲೆಗೆ ‘ಪ-ಆರಲಾನ್’ ಎನ್ನುತ್ತಾರೆ. ಹೇಳಿಕೊಡುವುದಕ್ಕೆ ಅವರಲ್ಲಿ ಬೇರೆಯೇ ಪದ, ‘ತೂರೊ’, ಬೆರಳು ಮಾಡಿ ತೋರಿಸುವುದಕ್ಕೂ ಅದೇ. ಎಂದರೆ ‘ಮಗ್‌ಪ-ಆರಲ್’ ಮೇಷ್ಟ್ರ ಕೆಲಸವಲ್ಲ, ಫೀ ಕಟ್ಟುವವರ ಕೆಲಸ. ಕನ್ನಡದಲ್ಲಿ ‘ಓದಿಸು’ ಎರಡಕ್ಕೂ ಬರುತ್ತದೆ. ‘ಅಮ್ಮ ಮಗುವಿಗೆ ಓದಿಸುತ್ತಿದ್ದಾಳೆ’ ಎಂದರೆ ಪುಸ್ತಕ ಹಿಡಿದು ಪಕ್ಕದಲ್ಲಿ ಕೂತಿದ್ದಾಳೆ. ‘ಅಮ್ಮ ಮಗನನ್ನು ಓದಿಸುತ್ತಿದ್ದಾಳೆ’ ಎಂದರೆ ಎಲ್ಲೋ ಗೇಯುತ್ತಿದ್ದಾಳೆ.

ಫಿಲಿಪ್ಪೀನ್ಸಿನಲ್ಲಿ ಆ ‘ಎಲ್ಲೋ’ ಬಹಳ ದೂರವಿರುತ್ತದೆ. 1974ರ ಕಾರ್ಮಿಕ ಕಾನೂನಿನ ನಂತರ ಸರ್ಕಾರವೇ ಜನರನ್ನು ಹೊರದೇಶದ ಕೆಲಸಕ್ಕೆ ಕಳಿಸುವ ವ್ಯವಸ್ಥೆ ಮಾಡಿತು. ಸೌದಿ, ದುಬೈ, ಹಾಂಕಾಂಗ್, ಸಿಂಗಪುರದ ಮನೆಗಳು, ಆಸ್ಪತ್ರೆಗಳು, ಸಮುದ್ರದ ಮೇಲಿನ ಹಡಗುಗಳು. 2023ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಹೀಗೆ ಹೋದವರು 20 ಲಕ್ಷಕ್ಕೂ ಹೆಚ್ಚು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು. ಆ ವರ್ಷ ಬ್ಯಾಂಕುಗಳ ಮೂಲಕ ದೇಶಕ್ಕೆ ಬಂದ ‘ಪದಲ’ 3,300 ಕೋಟಿ ಡಾಲರು ಮೀರಿತ್ತು. ಅದರಲ್ಲಿ ಅಕ್ಕಿ ಬೇಳೆ ಇದೆ, ಮನೆಯ ತಗಡು ಇದೆ, ಮಕ್ಕಳ ಮತ್ತು ಒಡಹುಟ್ಟಿದವರ ಶಾಲೆಯ ಫೀ ಇದೆ. 2017ರ ಕಾನೂನಿನಿಂದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬುದು ನಿಜ, ಆದರೆ ರೂಮಿನ ಬಾಡಿಗೆ, ಊಟ, ಬಸ್ಸು, ಪುಸ್ತಕ ತಪ್ಪಿದ್ದಲ್ಲ.

ಅನೇಕ ಮನೆಗಳಲ್ಲಿ ಮೊದಲು ಹೊರಡುವವಳು ‘ಆತೆ’, ಎಂದರೆ ಅಕ್ಕ. ಅವಳು ದುಡಿದು ಒಬ್ಬ ತಮ್ಮನನ್ನು ಓದಿಸುತ್ತಾಳೆ, ಅವನು ಕೆಲಸ ಹಿಡಿದು ಮುಂದಿನವಳನ್ನು ಓದಿಸಬೇಕು. ಓದಿಸಿ ಮುಗಿದಿದ್ದರೆ ಅವಳು ‘ನಗ್‌ಪ-ಆರಲ್’ ಎನ್ನುತ್ತಾಳೆ. ಇನ್ನೂ ಓದಿಸುತ್ತಿದ್ದರೆ ‘ನಗ್‌ಪಪ-ಆರಲ್’, ಎರಡು ‘ಪ’. ಮುಂದೆ ಓದಿಸಬೇಕಾಗಿದ್ದರೆ ‘ಮಗ್‌ಪಪ-ಆರಲ್’. ಆ ಭಾಷೆಯಲ್ಲಿ ಅಕ್ಷರ ಎರಡು ಸಲ ಬಂದರೆ ಕೆಲಸ ಬಾಕಿ ಇದೆ ಎಂದು ಅರ್ಥ. ಎಷ್ಟೋ ಅಕ್ಕಂದಿರ ಬಾಯಲ್ಲಿ ಆ ಎರಡನೆಯ ‘ಪ’ ಉದುರುವುದಕ್ಕೆ ಹತ್ತು ಹದಿನೈದು ವರ್ಷ ಹಿಡಿಯುತ್ತದೆ.

ಓದಿಸಿಕೊಂಡವರ ಪಾಲಿಗೆ ಇದು ಋಣ. ‘ಊತಂಗ್ ನ ಲೊಓಬ್’ ಎನ್ನುತ್ತಾರೆ, ಒಳಗಿನ ಸಾಲ ಎಂದರ್ಥ. ದುಡ್ಡಿನ ಸಾಲದಂತೆ ಅದಕ್ಕೆ ಕಂತಿಲ್ಲ, ರಸೀತಿಯಿಲ್ಲ. ಹಾಗಾದರೆ ತೀರಿಸುವುದು ಹೇಗೆ? 2025ರಲ್ಲಿ ಸೆನೆಟರ್ ಪಾನ್ಫಿಲೊ ಲಾಕ್ಸೊನ್, ವಯಸ್ಸಾದ ತಂದೆ ತಾಯಿಯನ್ನು ನೋಡಿಕೊಳ್ಳುವುದು ಮಕ್ಕಳ ಕಾನೂನುಬದ್ಧ ಹೊಣೆಯಾಗಬೇಕೆಂಬ ಮಸೂದೆಯನ್ನು ಮತ್ತೆ ಮಂಡಿಸಿದಾಗ ದೊಡ್ಡ ಚರ್ಚೆಯೇ ಎದ್ದಿತು. ಭಾರತದಲ್ಲಿ 2007ರಿಂದ ಅಂಥ ಕಾಯ್ದೆ ಇದೆ, ಇಲ್ಲಿ ಅಷ್ಟು ಗದ್ದಲವಾಗಲಿಲ್ಲ. ಓದಿಸಿದ್ದು ಪ್ರೀತಿಯಿಂದಲೋ, ಮುಪ್ಪಿನ ಕಾಲದ ಠೇವಣಿಯಾಗಿಯೋ ಎಂದು ಕೆಲವು ಯುವಕರು ಕೇಳಿದರೆ ಹಿರಿಯರಿಗೆ ನೋವಾಗುವುದು ಸಹಜ. ‘ಪ’ ಇದಕ್ಕೆ ಉತ್ತರ ಕೊಡದು. ಹೇಗೆ ಮಾಡಿಸಿದರೆಂದು ಹೇಳದಿರುವುದು ಅದರ ಸ್ವಭಾವ ಎಂದು ಮೊದಲೇ ನೋಡಿದೆವಲ್ಲ.

ಇಲ್ಲಿ ಪಾಣಿನಿಯ ಒಂದು ಸೂಕ್ಷ್ಮ ನೆನಪಾಗುತ್ತದೆ. ಸ್ವತಂತ್ರವಾಗಿ ಕೆಲಸ ಮಾಡುವವನು ಕರ್ತೃ ಎಂದ ಆತ, ಅವನಿಂದ ಮಾಡಿಸುವವನಿಗೆ ‘ಹೇತು’ ಎಂದು ಬೇರೆ ಹೆಸರಿಟ್ಟು, ಕರ್ತೃವೆಂಬ ಹೆಸರನ್ನೂ ಉಳಿಸಿಕೊಟ್ಟ. ಪದವಿ ಪತ್ರದಲ್ಲಿ ಒಬ್ಬರ ಹೆಸರೇ ಇರುತ್ತದೆ, ವ್ಯಾಕರಣದಲ್ಲಿ ಕರ್ತೃಗಳು ಇಬ್ಬರು.

ಫಿಲಿಪಿನೊ ವಿದ್ಯಾರ್ಥಿಗೆ ಈ ಇಬ್ಬರಲ್ಲಿ ಯಾರನ್ನು ಮುಂದೆ ನಿಲ್ಲಿಸಬೇಕೆಂದು ಪ್ರತಿ ಸಲವೂ ಆರಿಸಬೇಕಾಗುತ್ತದೆ. ‘ಪಿನಗ್-ಆರಲ್ ಅಕೊ ನಂಗ್ ಆತೆ ಕೊ’ ಎಂದರೆ ‘ನನ್ನನ್ನು ಅಕ್ಕ ಓದಿಸಿದಳು’ ಎಂದು. ಇಲ್ಲಿ ಮಾತು ‘ಅಕೊ’ವಿನದು, ಎಂದರೆ ‘ನಾನು’ ಎಂಬುದರದು. ಅಕ್ಕ ‘ನಂಗ್’ ಹಿಡಿದುಕೊಂಡು ಕೊನೆಯಲ್ಲಿ ನಿಂತಿದ್ದಾಳೆ. ತಪ್ಪೇನಿಲ್ಲ, ಸಾಮಾನ್ಯವಾಗಿ ಹೇಳುವುದು ಹೀಗೆಯೇ. ಆದರೆ ಕೆಲಸದ ಸಂದರ್ಶನದಲ್ಲೋ, ಮದುವೆ ಮಾತುಕತೆಯಲ್ಲೋ ಯಾರಾದರೂ ‘ಸೀನೊ ಆಂಗ್ ನಗ್‌ಪ-ಆರಲ್ ಸ ಇಯೊ?’, ನಿನ್ನನ್ನು ಓದಿಸಿದವರು ಯಾರು ಎಂದು ಕೇಳಿದರೆ ಆ ವಾಕ್ಯ ನಡೆಯುವುದಿಲ್ಲ. ಆಗ ವ್ಯಾಕರಣವೇ ಅಕ್ಕನನ್ನು ಕೈಹಿಡಿದು ವಾಕ್ಯದ ಮೊದಲಿಗೆ ತಂದು ನಿಲ್ಲಿಸುತ್ತದೆ, ‘ನಾನು’ ಹಿಂದೆ ಸರಿಯುತ್ತದೆ: ‘ಆಂಗ್ ಆತೆ ಕೊ ಆಂಗ್ ನಗ್‌ಪ-ಆರಲ್ ಸ ಆಕಿನ್’.